ಸೋರೆಬುರುಡೆಗೆ ಕೈಮುಗಿದ ಊರು

ನಮ್ಮೂರ ಮೆಟ್ಟಿಲಬಾವಿ ಹತ್ರ ಒಂದು ಕಲ್ಲಿದೆ. ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ವರ್ಷಕ್ಕೊಂದು ಸೀರೆ ಉಡಿಸ್ತಾರೆ. ಪೇರಂಟಾಲಮ್ಮ ಅಂತಾರೆ. ಮುತ್ತೈದೆಯಾಗಿದ್ದಾಗಲೇ ನೀರಿಗೆ ಬಿದ್ದು ಸತ್ತ ಹೆಂಗಸು ದೇವರಾಗ್ತಾಳೆ ಅನ್ನೋದು ನಮ್ಮ ಕಡೆ ನಂಬಿಕೆ. ಬೇಡ ಅನ್ನಲ್ಲ, ನಾನೂ ಕೈಮುಗಿದಿದೀನಿ. ಆದ್ರೆ ಅದೇ ನೀರಿಗಿಳಿದು ಜೀವಂತ ಎದ್ದು ಬಂದ ಹೆಂಗಸನ್ನ ಈ ಊರು ಏನು ಮಾಡ್ತು ಅಂತ ನೆನೆಸಿಕೊಂಡ್ರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತೆ.

ಆಕೆ ಹೆಸರು ಆಂಜಿನಮ್ಮ. ನನಗೆ ಓರಗಿತ್ತಿ, ನನ್ನ ಗಂಡನ ನಡುವಿನ ಅಣ್ಣನ ಹೆಂಡತಿ. ನಾನು ಅಕ್ಕ ಅಂತಿದ್ದೆ. ಶ್ರೀನಿವಾಸಪುರದಿಂದ ಹರದಾರಿ ದೂರ ನಮ್ಮೂರು, ಮೂವರು ಅಣ್ಣತಮ್ಮಂದಿರ ಕೂಡುಮನೆ ನಮ್ದು. ದೊಡ್ಡ ಬಾವ ಯಜಮಾನ. ಬಾವನ ಹೆಸರನ್ನ ಹೆಣ್ಣುಮಕ್ಕಳು ಬಾಯಲ್ಲಿ ಹೇಳಬಾರದು ಅಂತಾರೆ. ನಾನು ಹೇಳ್ತೀನಿ, ಚನ್ನರಾಯಪ್ಪ. ಹೆಂಡತಿ ತೀರಿಹೋಗಿದ್ಲು, ಮನೆ, ತೋಟ, ಎತ್ತು, ನಾವು, ಎಲ್ಲಾ ಅವರ ಹುಕುಮ್ಮಿನಲ್ಲಿ. ಅಕ್ಕನ ಗಂಡ ಸುಬ್ಬರಾಯಪ್ಪ ಒಳ್ಳೇವರೇ, ಆದ್ರೆ ಅಣ್ಣ ಏನಂದ್ರೂ ಕೋಲೆಬಸವನ ಹಾಗೆ ತಲೆಯಾಡಿಸೋರು. ನನ್ನ ಗಂಡ ಚಿನ್ನದ ಗಣೀಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದು ಹೋಗೋರು. ಇವರೆಲ್ಲರ ಮೇಲೆ ನಮ್ಮತ್ತೆ ಭಾರತಮ್ಮ. ಮೇಲೆ ಅಂತ ಮಾತಿಗಂದೆ. ಅತ್ತೆ ಇರ್ತಿದ್ದದ್ದು ನೆಲದಲ್ಲಿ. ಮಂಡಿ ಎರಡೂ ಹಿಡ್ಕೊಂಡುಹೋಗಿ, ಕೂತ ಹಾಗೇ ತೆವಳಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬರೋರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ನಿಂತದ್ದನ್ನ ನೋಡೇ ಇರಲಿಲ್ಲ.

ಅಕ್ಕನ ತವರು ಮುಳಬಾಗಿಲ ಕಡೆ, ಕೆರೆ ಏರಿ ಕೆಳಗಿನ ಹಳ್ಳಿ. ಹುಡುಗಿಯಾಗಿದ್ದಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಕೊಂಡು ಕೆರೇಲಿ ಈಜು ಕಲಿತೋಳು. ಆಮೇಲೆ ಬುರುಡೆ ಬಿಸಾಕಿ ಈ ದಡದಿಂದ ಆ ದಡಕ್ಕೆ ಹೋಗ್ತಿದ್ಲಂತೆ, ಗಂಡುಹುಡುಗರು ಹಿಂದೆ ಬೀಳ್ತಿದ್ರಂತೆ. ಮೈನೆರೆದ ದಿನ ಅವರಮ್ಮ, "ಇನ್ನು ಕೆರೆ ಕಡೆ ಕಾಲಿಟ್ರೆ ಕಾಲು ಮುರೀತೀನಿ" ಅಂದ್ಲು. ಅಲ್ಲಿಗೆ ಮುಗೀತು. ಗಂಡುಹುಡುಗರಿಗೆ ಯಾರೂ ಹಾಗನ್ನಲಿಲ್ಲ ನೋಡಿ. ಅವರು ಮೀಸೆ ಬಂದ್ಮೇಲೂ ಧುಮುಕ್ತಾನೇ ಇದ್ರು.

ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕನಿಗೆ ನಲವತ್ತರ ಹತ್ತಿರ. ಹೆತ್ತು ಹೊತ್ತು ಮೈ ಊದಿಕೊಂಡಿತ್ತು. ನಾಲ್ಕು ಮೆಟ್ಟಲು ಹತ್ತಿದ್ರೆ ಏದುಸಿರು. ಮಂಡಿ ಬೆಳಗ್ಗೆ ಮಡಚಿದ್ರೆ ಬಿಚ್ಚೋಕೆ ಬರ್ತಿರಲಿಲ್ಲ, ಗೋಡೆ ಹಿಡಿದು ಏಳೋಳು. ಒಂದಿನ ರಾಗಿ ಬೀಸ್ತಾ ಕೂತಿದ್ದೋಳು ಎದ್ದೇಳೋಕಾಗದೆ, ಅತ್ತೆ ತೆವಳಿ ಹೋಗೋದನ್ನೇ ನೋಡಿ ಕಣ್ಣೀರು ಹಾಕಿದ್ಲು. "ಶಾಮಲಾ, ನನ್ನ ಗತೀನೂ ಇದೇ ಕಣೇ" ಅಂದ್ಲು. ಆಕೆಗೆ ಸಾಯೋ ಭಯ ಇರಲಿಲ್ಲ. ನೆಲ ಹಿಡಿಯೋ ಭಯ.

ನಾನೇ ಹಟ ಹಿಡಿದು ಇದ್ದಿಲು ಬಸ್ಸಲ್ಲಿ ಕೋಲಾರಕ್ಕೆ ಕರ್ಕೊಂಡು ಹೋದೆ. ಪೆಟ್ರೋಲು ಸಿಗದ ಕಾಲ, ಆ ಬಸ್ಸು ದಿಬ್ಬ ಬಂದ್ರೆ ನಿಲ್ಲೋದು, ಗಂಡಸರೆಲ್ಲ ಇಳಿದು ನೂಕೋರು. ಅಲ್ಲಿ ಡಾಕ್ಟರು ಮಂಡಿ ಒತ್ತಿ ನೋಡಿ, "ಮೈಗೆ ಕೆಲಸ ಬೇಕಮ್ಮ, ಆದ್ರೆ ಮಂಡಿ ಮೇಲೆ ಭಾರ ಬೀಳಬಾರದು" ಅಂದ್ರು. ಭಾರ ಬೀಳದ ಹಾಗೆ ಎಂಥ ಕೆಲಸ ಮಾಡೋದು? ನೀರು ಹೊರೋದಾ, ಬೀಸೋದಾ, ಕಳೆ ಕೀಳೋದಾ? ದಾರಿಯುದ್ದಕ್ಕೂ ನಾನು ಆ ಡಾಕ್ಟರನ್ನ ಬೈಕೊಂಡೇ ಬಂದೆ. ಶ್ರೀನಿವಾಸಪುರದ ಮಾವಿನ ತೋಪು ಕಾಣೋ ಹೊತ್ತಿಗೆ ಅಕ್ಕ ನನ್ನ ಕಿವಿಯಲ್ಲಿ, "ನೀರಲ್ಲಿ ಭಾರ ಇರಲ್ಲ ಕಣೇ" ಅಂದ್ಲು.

ಮಾರನೇ ದಿನವೇ ಅಟ್ಟ ಹತ್ತಿ ಬೀಜಕ್ಕಿಟ್ಟಿದ್ದ ದೊಡ್ಡ ಸೋರೆಬುರುಡೆ ನಾನೇ ಇಳಿಸಿದೆ. ಬೆಳಕು ಹರಿಯೋಕೆ ಮುಂಚೆ ಇಬ್ರೂ ನಮ್ಮ ಹಿತ್ತಲ ಆಚೆಗಿದ್ದ ಆ ಮೆಟ್ಟಿಲಬಾವಿಗೆ ಹೋದ್ವಿ. ಆ ಬಾವೀಗೆ ಒಂದು ಪಕ್ಕ ಕಲ್ಲಿನ ಮೆಟ್ಟಿಲು, ಇನ್ನೊಂದು ಪಕ್ಕ ಎತ್ತು ಕಟ್ಟಿ ನಮ್ಮ ತೋಟಕ್ಕೆ ನೀರೆತ್ತೋ ಕಪಿಲೆ. ಕಪಿಲೆ ಹೊಡೆಯೋ ಗಂಗುಲಪ್ಪ ಹೊತ್ತು ಮೂಡಿದ ಮೇಲೇ ಬರೋನು. ಯಾರಾದ್ರೂ ಒದ್ದೆ ಕೂದಲು ನೋಡಿ ಕೇಳಿದ್ರೆ ತಲೆಗೆರಕೊಂಡೆ ಅನ್ನೋಕೆ ಇರಲಿ ಅಂತ ಅಕ್ಕ ಮುಖಕ್ಕೆ ಅರಿಶಿನ ಬಳಿದು, ಕಾಸಗಲ ಕುಂಕುಮ ಇಟ್ಟುಕೊಂಡಿದ್ಲು. ಸೀರೆ ಕಚ್ಚೆ ಹಾಕಿ, ಬುರುಡೆ ಬೆನ್ನಿಗೆ ಕಟ್ಟಿಸ್ಕೊಂಡು ಇಳಿದ್ಲು.

ನಾನು ಮೇಲಿನ ಮೆಟ್ಟಿಲಲ್ಲಿ ಕಾವಲು. ಕೆರೆ ಗೆದ್ದೋಳು ಅಂತ ನಾನು ಕಾದ್ರೆ, ಅಕ್ಕ ಬಾವಿ ಅರ್ಧ ದಾಟೋಕೂ ಮುಂಚೆ ಉಸಿರುಕಟ್ಟಿ, ಕೈಕಾಲು ಬಡಿದು, ಬಾಯ್ತುಂಬ ನೀರು ಕುಡಿದು ವಾಪಸ್ ಬಂದು ಮೆಟ್ಟಿಲು ತಬ್ಬಿಕೊಂಡ್ಲು.

"ಏನಕ್ಕಾ, ಗಂಡುಹುಡುಗರು ಹಿಂದೆ ಬೀಳ್ತಿದ್ರು ಅಂದೆ? ಕಪ್ಪೇನೂ ನಿನ್ನ ಮುಂದೆ ಹೋಗ್ತಿದೆ" ಅಂದೆ.

"ಮುಚ್ಕೊಳ್ಳೇ. ಕೈ ಮರೆತಿಲ್ಲ, ಎದೆ ಮರೆತಿದೆ" ಅಂದ್ಲು, ಕೆಮ್ಮಿ ಕೆಮ್ಮಿ ನಕ್ಕಳು.

ದಿನಾ ಹೋದ್ವಿ. ಮೊದಲು ಮೆಟ್ಟಿಲು ಹಿಡ್ಕೊಂಡು ಕಾಲು ಬಡಿಯೋದಷ್ಟೇ. ಆಮೇಲೆ ಅಡ್ಡಲಾಗಿ ಒಂದ್ಸಲ. ಆಮೇಲೆ ಗೋಡೆಗುಂಟ ಒಂದು ಸುತ್ತು. ಬೇಸಿಗೆ ಕಳೆಯೋ ಹೊತ್ತಿಗೆ ಅಕ್ಕ ನಿಲ್ಲದೆ ಸುತ್ತು ಹೊಡೆಯೋಳು, ಬುರುಡೆ ಬರೀ ಧೈರ್ಯಕ್ಕೆ. ಏದುಸಿರು ಹೋಯ್ತು. ನೆರಿಗೆ ಸಡಿಲ ಆಯ್ತು ಅಂತ ಸೀರೆ ಬಿಗಿಯಾಗಿ ಕಟ್ಟೋಳು. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಸಂತೆಗೆ ನಡೆದು ಹೋಗಿ ನಡೆದು ಬಂದ್ಲು, ಗಾಡಿ ಹತ್ತಲಿಲ್ಲ. ಮಂಡಿ ಮಡಚಿ ಕೂತು, ಗೋಡೆ ಹಿಡೀದೆ ಎದ್ದಳು. ಎದ್ದು ನಿಂತು ನನ್ನ ಮುಖ ನೋಡಿದ್ಲು ನೋಡಿ, ಆ ಮುಖ ನಾನು ಮರೆಯಲ್ಲ. ಯಾರ ಗಂಟೂ ತಿಂದಿರಲಿಲ್ಲ ಆಕೆ, ತನ್ನ ಕಾಲು ತಾನು ವಾಪಸ್ ಪಡೆದಿದ್ಲು.

ಆಷಾಢದಲ್ಲಿ ಒಂದು ಶುಕ್ರವಾರ ಗಂಗುಲಪ್ಪ ಎಂದೂ ಇಲ್ಲದವನು ಕತ್ತಲು ಕತ್ತಲಲ್ಲೇ ಬಂದುಬಿಟ್ಟ. ಎತ್ತಿನ ಗೊರಸು ಸದ್ದು ಕೇಳಿ ನಾನು ಕೆಮ್ಮಿದೆ. ಅದು ನಮ್ಮ ಗುರುತು. ಅಕ್ಕ ಗಾಬರಿಯಲ್ಲಿ ಮುಳುಗಿ, ಮೆಟ್ಟಿಲ ಕಡೆ ಹೋಗೋ ಬದಲು ದಿಕ್ಕು ತಪ್ಪಿ ಕಪಿಲೆ ಕೆಳಗೇ ಎದ್ದಳು. ಅವನು ಬಗ್ಗಿ ನೋಡಿದ್ರೆ ಏನು ಕಾಣಬೇಕು? ಬಿಚ್ಚಿದ ಕೂದಲು, ಅರಿಶಿನದ ಮುಖ, ಹಣೆತುಂಬ ಹರಡಿದ ಕುಂಕುಮ, ಪಕ್ಕದಲ್ಲಿ ದಾರ ಬಿಚ್ಚಿ ತೇಲೋ ದುಂಡು ಬುರುಡೆ, ಕಲಶದ ಹಾಗೆ. "ಅಮ್ಮಾ! ಪೇರಂಟಾಲಮ್ಮಾ!" ಅಂತ ಚೀರಿ, ಎತ್ತು ಅಲ್ಲೇ ಬಿಟ್ಟು ಓಡಿದ. ನಾವೂ ಓಡಿದ್ವಿ, ಹಿತ್ತಲ ದಾರೀಲಿ. ಬುರುಡೆ ಬಾವೀಲೇ ಉಳೀತು.

ಹೊತ್ತು ಹುಟ್ಟೋಕೆ ಮುಂಚೆ ಊರೆಲ್ಲ ಬಾವಿ ಸುತ್ತ. ಗಂಗುಲಪ್ಪನಿಗೆ ಜ್ವರ. ಅವನನ್ನ ನಾನು ಬೈಯಲ್ಲ ಬಿಡಿ. ಮುತ್ತೈದೆ ನೀರಿಂದ ಎದ್ರೆ ಅದು ದೇವರೇ ಅಂತ ಅವನ ಅಜ್ಜಿ ಹೇಳಿಕೊಟ್ಟಿದ್ರು. ಹೆಂಗಸು ಮೈ ಹಗುರ ಮಾಡ್ಕೊಳ್ಳೋಕೆ ಈಜಾಡ್ತಾಳೆ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ರು? ನನ್ನ ಸಿಟ್ಟು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಡೆದೋರ ಮೇಲೆ.

ಅವತ್ತೇ ಮಧ್ಯಾಹ್ನ ಅಕ್ಕ ಬಾಗಿಲ ಹಿಂದೆ ನಿಂತು ಗಂಡನ ಕೈಲಿ ಹೇಳಿಸಿದ್ಲು. ಸುಬ್ಬರಾಯಪ್ಪ ತೊದಲಿ ತೊದಲಿ, "ಅಣ್ಣಾ, ಅದು ನಮ್ಮೋಳೇ ಅಂತೆ. ಮಂಡಿನೋವಿಗೆ ಈಜ್ತಿದ್ಲಂತೆ" ಅಂದ್ರು.

ಬಾವ ಎಲೆಗೆ ಸುಣ್ಣ ಹಚ್ತಾ ಇದ್ರು. ಕೈ ನಿಂತಿತು. "ಯಾರಿಗಾದ್ರೂ ಹೇಳಿದ್ದೀರಾ?" ಅಂದ್ರು. ಇಲ್ಲ ಅಂದಾಗ, "ಹೇಳಬೇಡಿ. ನಮ್ಮ ಮನೆ ಹೆಂಗಸು ಎಮ್ಮೆ ಹಾಗೆ ಬಾವೀಲಿ ಬಿದ್ದು ಒದ್ದಾಡ್ತಿದ್ಲು ಅಂತ ನಾಕು ಜನಕ್ಕೆ ಗೊತ್ತಾದ್ರೆ ನಾನು ತಲೆಯೆತ್ತಿ ಓಡಾಡೋ ಹಾಗಿಲ್ಲ. ಅವರು ದೇವರು ಅಂತಿದಾರೆ, ಅಂದ್ಕೊಳ್ಳಲಿ" ಅಂದ್ರು.

ಅಷ್ಟಕ್ಕೇ ಬಿಟ್ಟಿದ್ರೆ ನಾನೂ ಬಿಡ್ತಿದ್ದೆ. ಸಂಜೆ ಬಾವ ಪಾತಾಳಗರಡಿ ತರಿಸಿ, ಬಾವಿಗೆ ಬಿದ್ದ ಕೊಡ ಎತ್ತೋ ಆ ಕೊಕ್ಕೆಯಲ್ಲಿ ನಮ್ಮ ಬುರುಡೆ ಎತ್ತಿಸಿದ್ರು. ನಮ್ಮ ಅಟ್ಟದ ಬುರುಡೆ ಅಂತ ಅವರಿಗೆ ಗೊತ್ತಿಲ್ವಾ? ಮಗ್ಗುಲಲ್ಲಿ ಇಲಿ ಕಡಿದ ಗುರುತೂ ಇತ್ತು! ಅದಕ್ಕೆ ಅರಿಶಿನ ಬಳಿದು, ಹೂ ಸುತ್ತಿ, ಕಲ್ಲಿನ ಮುಂದೆ ಇಟ್ಟು, "ಅಮ್ಮ ಕೊಟ್ಟ ಕಲಶ" ಅಂದ್ರು. ಊರು ಅಡ್ಡಬಿತ್ತು. ನಾನು ಗೋಡೆ ಮರೇಲಿ ನಿಂತು ಹಲ್ಲು ಕಡಿದೆ. ಬಡವನ ಸಿಟ್ಟು ದವಡೆಗೆ ಮೂಲ ಅಂತಾರಲ್ಲ, ಹಾಗೆ.

ಸುದ್ದಿ ಹಬ್ಬಿತು. ಮುಳಬಾಗಿಲಿಂದ ಬಂದ್ರು, ವೇಮಗಲ್ಲಿಂದ ಬಂದ್ರು, ಮಾಲೂರು ಲಕ್ಕೂರಿಂದ ಗಾಡಿ ಕಟ್ಟಿಕೊಂಡು ಬಂದ್ರು. ಬಾವಿ ಸುತ್ತ ಬಿದಿರು ತಡಿಕೆ, ಮೇಲೆ ಚಪ್ಪರ. ಕಪಿಲೆ ನಿಂತು ಬದನೆ ಗಿಡ ಒಣಗಿದ್ರೂ ಪರವಾಗಿಲ್ಲ, ಹೆಂಗಸರು ಮೆಟ್ಟಿಲು ಮುಟ್ಟೋ ಹಾಗಿಲ್ಲ, ಮೈಲಿಗೆ ಆಗುತ್ತೆ ಅಂತ ಬಾವನ ಕಟ್ಟಪ್ಪಣೆ. ಹೆಂಗಸಿನ ಹೆಸರಲ್ಲಿರೋ ದೇವರಿಗೆ ಹೆಂಗಸರದ್ದೇ ಮೈಲಿಗೆ, ಥೂ! ಬಾವ ಹೊಸ ರುಮಾಲು ಸುತ್ತಿಕೊಂಡು ಬಂದೋರಿಗೆ ಕಥೆ ಹೇಳೋರು. ಪ್ರತಿ ಸಲ ಹೇಳೋವಾಗ್ಲೂ ಅಮ್ಮನ ಮೂಗುತಿ ಇನ್ನಷ್ಟು ಹೊಳೆಯೋದು. ಅಕ್ಕನಿಗೆ ಮೂಗುತೀನೇ ಇರಲಿಲ್ಲ.

ಇತ್ತ ಅಕ್ಕ ಮತ್ತೆ ಗೋಡೆ ಹಿಡಿದ್ಲು. ನೀರು ಬಿಟ್ಟ ಮೇಲೆ ಕಾಲು ಎಷ್ಟು ಬೇಗ ಮುನಿಸ್ಕೊಳ್ತು ಅಂತೀರಿ! ಮೊದಲು ಬೆಳಗ್ಗೆ ಹೊತ್ತಷ್ಟೇ ಬಿಗಿ, ಆಮೇಲೆ ದಿನವೆಲ್ಲ. ಮೆಟ್ಟಲು ಹತ್ತಿದ್ರೆ ಮತ್ತೆ ಅದೇ ಏದುಸಿರು. ಊರ ಕೆರೆ ನಡುವೂರಲ್ಲಿ, ಹಗಲೆಲ್ಲ ಜನ. ಬೇರೆ ಬಾವಿಗಳಿಗೆ ಮೆಟ್ಟಿಲಿಲ್ಲ. ಬಂದ ಭಕ್ತರಿಗೆಲ್ಲ ಅಡುಗೆ ಮಾಡೋದು ಮಾತ್ರ ಅಕ್ಕನೇ. ಮಗು ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ. ಅವಳ ಕಾಲು ಕಿತ್ಕೊಂಡು, ಅವಳ ಕೈಲೇ ಪ್ರಸಾದ ಮಾಡಿಸಿದ್ರು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಅನ್ನದ ತಪ್ಪಲೆ ಇಳಿಸಿದ ಅಕ್ಕ ಹೊಸ್ತಿಲ ಹತ್ರ ಬಂದು ನಿಂತಳು. ಕಾಲು ಎತ್ತೋಕೆ ನೋಡಿದ್ಲು, ಬರಲಿಲ್ಲ. ಕೂತಳು. ಕೂತ ಹಾಗೇ ಕೈಯೂರಿ, ಜರುಗಿ, ಹೊಸ್ತಿಲು ದಾಟಿದ್ಲು. ಎದುರಿಗೆ ಪಡಸಾಲೇಲಿ ಅತ್ತೆ ಅದೇ ಥರ ಜರುಗಿಕೊಂಡು ಬರ್ತಿದ್ರು. ಇಬ್ರೂ ನೆಲದಲ್ಲಿ ಮುಖಾಮುಖಿ ಆದ್ರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಅವತ್ತು ಇಬ್ಬರಿಗೂ ಒಂದೇ ಕಾಲ.

ಅತ್ತೆ ಅಕ್ಕನ ಮಂಡಿ ಮೇಲೆ ಕೈಯಿಟ್ಟರು. "ಬೇಸಿಗೇಲಿ ಚೆನ್ನಾಗಿ ಓಡಾಡ್ತಿದ್ದೆಯಲ್ಲೇ. ಏನು ಮಾಡ್ತಿದ್ದೆ ಆಗ?" ಅಂದ್ರು.

ಅಕ್ಕ ಸೆರಗಲ್ಲಿ ಮುಖ ಒರೆಸ್ಕೊಂಡ್ಲು. ನಾನೇ ಬಾಯಿ ತೆರೆದೆ. ಎಲ್ಲಾ ಹೇಳಿದೆ, ನೀರಲ್ಲಿ ಭಾರ ಇರಲ್ಲ ಅನ್ನೋದು, ಬುರುಡೆ, ಗಂಗುಲಪ್ಪ, ಬಾವನ ಮಾತು, ಒಂದೂ ಬಿಡದೆ. ಅತ್ತೆ ಎಲ್ಲಾ ಕೇಳಿಸ್ಕೊಂಡ್ರು. ತೆವಳಿಕೊಂಡು ಮೂಲೆಗೆ ಹೋಗಿ ಎಲೆಅಡಿಕೆ ಕುಟ್ಟೋಕೆ ಕೂತ್ರು. ಇವರೂ ಮಗನ ಕಡೆಯೇ ಅಂತ ನನಗೆ ಮೈಯೆಲ್ಲಾ ಉರಿದುಹೋಯ್ತು.

ಆ ವಾರದ ಶುಕ್ರವಾರ ದೊಡ್ಡ ಪೂಜೆ. ಬಾವಿ ಸುತ್ತ ಜನವೋ ಜನ, ಕರ್ಪೂರದ ಹೊಗೆ. ನಾನು ಪ್ರಸಾದದ ಬುಟ್ಟಿ ಹೊತ್ತು ಬರೋವಾಗ ಅಕ್ಕ ಕೋಲೂರಿಕೊಂಡು ಹಿಂದೆ ಬಂದ್ಲು. ತಡಿಕೆ ಬಾಗಿಲಿಗೆ ಬಂದವಳೇ, ಎಂದೂ ಬಾವನ ಎದುರು ಉಸಿರೆತ್ತದವಳು, ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಟ್ಲು.

"ಗಂಗುಲಪ್ಪ ನೋಡಿದ್ದು ನನ್ನ. ದೇವರಲ್ಲ, ನಾನು. ಕಾಲು ಹಿಡೀತು ಅಂತ ಈಜ್ತಿದ್ದೆ. ಆ ಬುರುಡೆ ನಂದು. ದಾರಿ ಬಿಡಿ, ನಾನು ನೀರಿಗಿಳೀಬೇಕು."

ಯಾರೋ ಮುದುಕ, "ಅಮ್ಮ ಮೈಮೇಲೆ ಬಂದವ್ಳೆ!" ಅಂದ. ಮುಗೀತು. ಜನ ದಬದಬ ಅಡ್ಡಬಿದ್ರು. ಒಬ್ಬಳು ಅಕ್ಕನ ಕೊರಳಿಗೆ ಹಾರ ಹಾಕಿದ್ಲು, ಇನ್ನೊಬ್ಬ ಕರ್ಪೂರ ಬೆಳಗಿದ. "ನಾನು ಆಂಜಿನಮ್ಮ ಕಣ್ರೋ, ದಿನಾ ನಿಮಗೆ ಅನ್ನ ಬಡಿಸೋಳು!" ಅಂತ ಅಕ್ಕ ಅಳ್ತಾ ಕೂಗಿದ್ರೆ, "ಅಮ್ಮ ಅಳ್ತವ್ಳೆ, ಕೋಪ ಇಳಿಸ್ಕೋ ತಾಯೇ" ಅಂತ ಇನ್ನೂ ಜೋರಾಗಿ ಕೈಮುಗಿದ್ರು. ಆಕೆ ಕಾಲಿಗೆ ಬಿದ್ದೋರಲ್ಲಿ ಒಬ್ಬರಿಗಾದ್ರೂ ಆ ಕಾಲು ಊದಿದ್ದು ಕಾಣಲಿಲ್ಲ. ಬಾವ ಮೀಸೆ ಮೇಲೆ ಕೈಯಾಡಿಸಿ, "ನಮ್ಮ ಮನೆ ಸೊಸೆ ಮೈಮೇಲೇ ಬಂದಿದಾಳೆ, ನಮ್ಮ ಪುಣ್ಯ" ಅಂದ್ರು. ನನಗೆ ರಕ್ತ ತಲೆಗೇರಿತು. ಬುಟ್ಟಿ ಕೆಳಗಿಟ್ಟು, "ನಾಚಿಕೆ ಆಗಲ್ವಾ ಬಾವ ನಿಮಗೆ? ನಿಮಗೆ ಗೊತ್ತಿರಲಿಲ್ವಾ?" ಅಂತ ಕಿರುಚಿದೆ. "ಇದನ್ನ ಯಾರಾದ್ರೂ ಮನೆಗೆ ಎಳ್ಕೊಂಡು ಹೋಗ್ರೋ" ಅಂದ್ರು ಬಾವ, ನನ್ನ ಕಡೆ ತಿರುಗೂ ನೋಡದೆ.

ಆಗ ಜನದ ಕಾಲುಗಳ ನಡುವೆ ಏನೋ ಜರುಗಿ ಬಂತು. ಅತ್ತೆ. ಮನೆಯಿಂದ ಬಾವಿ ತನಕ, ಆ ಕಲ್ಲುಮುಳ್ಳಲ್ಲಿ, ತೆವಳಿಕೊಂಡೇ ಬಂದಿದ್ರು. ಅಂಗೈ ತರಚಿ ರಕ್ತ ಬಂದಿತ್ತು. ಜನ ತಾನಾಗೇ ದಾರಿ ಬಿಟ್ರು.

ಬಾವ, "ಅಮ್ಮಾ, ನೀನ್ಯಾಕೆ..." ಅಂತ ಬಾಗಿದ್ರು.

"ನೋರು ಮುಯ್ಯಿರಾ!" ಅಂದ್ರು ಅತ್ತೆ. ಅವರಿಗೆ ಸಿಟ್ಟು ಬಂದ್ರೆ ತೆಲುಗು. ಬಾಯಿ ಮುಚ್ಚೋ ಅಂದಿದ್ದು ಅಲ್ಲಿದ್ದ ಎಲ್ಲರಿಗೂ ಅರ್ಥ ಆಯ್ತು, ಬಾವನ ಬಾಯಿ ಮುಚ್ಚಿತು.

ಅತ್ತೆ ಆ ಕಲ್ಲಿಗೆ ಒರಗಿ ಕೂತು ಉಸಿರು ತಗೊಂಡ್ರು. ಆಮೇಲೆ ಸೀರೆ ಉಡಿಸಿದ ಕಲ್ಲಿನ ಮೇಲೆ ಕೈಯಿಟ್ಟು ಮಾತಾಡಿದ್ರು.

"ಯಾರಿದು ಗೊತ್ತಾ ನಿಮಗೆ? ಮುನಿಯಲ್ಲಮ್ಮ. ನನ್ನ ಓರಗಿತ್ತಿ. ನಾನೂ ಅವಳೂ ಒಂದೇ ಒಲೆ ಊದಿದೋರು. ಗಂಡ ಹೊಡೆದ ಅಂತ ಇಲ್ಲಿಗೆ ಬಂದು ಬಿದ್ಲು. ಹರಕು ಸೀರೇಲಿ ಬಿದ್ಲು. ಬದುಕಿದ್ದಾಗ ವರ್ಷಕ್ಕೊಂದು ಸೀರೆ ಕೊಟ್ಟೋರು ಯಾರಾದ್ರೂ ಇದೀರಾ ಇಲ್ಲಿ? ಅವಳಿಗೆ ಈಜು ಬರ್ತಿರಲಿಲ್ಲ. ಬಂದಿದ್ರೆ ಅವಳು ಕಲ್ಲಾಗ್ತಿರಲಿಲ್ಲ, ಮುದುಕಿಯಾಗಿ ನನ್ನ ಪಕ್ಕ ಕೂತು ಎಲೆಅಡಿಕೆ ಹಾಕ್ಕೊಂಡಿರೋಳು. ಸತ್ತೋಳನ್ನ ದೇವರು ಮಾಡಿದ್ರಿ, ನಾನೂ ಕೈಮುಗಿದೆ, ಸುಮ್ನಿದ್ದೆ. ಈಗ ಬದುಕಿರೋಳನ್ನೂ ಕಲ್ಲು ಮಾಡಬೇಕಾ? ಅದಕ್ಕೆ ಮಾತ್ರ ನಾನು ಬಿಡಲ್ಲ."

ಗಂಗುಲಪ್ಪ ಮುಂದೆ ಬಂದು ಅಕ್ಕನ ಮುಖ ದಿಟ್ಟಿಸಿ ನೋಡಿದ. "ಅವ್ವಾ... ನೀನೇನಾ?" ಅಂದ. ಅಕ್ಕ ಹೂಂ ಅಂದ್ಲು. ಅವನು ತಡಿಕೆ ಬಾಗಿಲಿನ ಹಗ್ಗ ಬಿಚ್ಚಿ, ಗಂಡಸರ ಕಡೆ ತಿರುಗಿ, "ನಡೀರಲೇ, ಹೆಣ್ಣುಮಕ್ಕಳು ನೀರಿಗಿಳೀಬೇಕಂತೆ, ಆ ಕಡೆ ಹೋಗಿ" ಅಂದ. ಬಾವ ಏನೋ ಅನ್ನೋಕೆ ಹೋದ್ರು. ಸುಬ್ಬರಾಯಪ್ಪ, ನಮ್ಮ ಕೋಲೆಬಸವ, ಅಣ್ಣನ ರಟ್ಟೆ ಹಿಡಿದು, "ಬಾ ಅಣ್ಣಾ, ಸಾಕು" ಅಂತ ಕರ್ಕೊಂಡು ಹೋದ್ರು. ಅಷ್ಟು ಮಾಡಿದ್ರಲ್ಲ ಆ ಮನುಷ್ಯ, ಕೊನೆಗಾದ್ರೂ.

ಹೆಂಗಸರಷ್ಟೇ ಉಳಿದ್ವಿ. ಅಕ್ಕ ಹಾರ ತೆಗೆದು ಕಲ್ಲಿನ ಮೇಲಿಟ್ಟು, ಕೋಲು ಬಿಸಾಕಿ ಇಳಿದ್ಲು. ನೀರು ಸೊಂಟಕ್ಕೆ ಬಂದದ್ದೇ ತಡ, ಮೀನಾದ್ಲು. ಒಂದು ಸುತ್ತು ಹೊಡೆದು ಬಂದು ಮುಖ ಒರೆಸ್ಕೊಂಡ್ಲು.

ನಾನು ಅಕ್ಕನನ್ನೇ ನೋಡ್ತಾ ನಿಂತಿದ್ದೆ. ಹಿಂದಿನಿಂದ ಅತ್ತೆ ನನ್ನ ಸೆರಗು ಜಗ್ಗಿದ್ರು.

"ಶಾಮಲಾ, ನೀರಲ್ಲಿ ಭಾರ ಇರಲ್ಲ ಅಂದ್ಯಲ್ಲ. ನಿಜವೇನೇ?"

"ನಿಜ ಅತ್ತೆ."

"ಹಾಗಾದ್ರೆ ನನ್ನೂ ಇಳಿಸ್ರೇ."

ನಾನು ಸೀದಾ ಹೋಗಿ, ಹೂವು ಅರಿಶಿನದ ಸಮೇತ ಆ ಬುರುಡೆ ಎತ್ಕೊಂಡು ಬಂದೆ. ಒಬ್ಬಳೂ ಬೇಡ ಅನ್ನಲಿಲ್ಲ. ಅತ್ತೆ ಬೆನ್ನಿಗೆ ಬಿಗಿಯಾಗಿ ಕಟ್ಟಿದೆ. ನೀರ ತನಕ ಉಳಿದ ಹೆಂಗಸರು ಕೈಕೊಟ್ರು, ನೀರಲ್ಲಿ ಅಕ್ಕ ಒಂದು ಕಡೆ, ನಾನೊಂದು ಕಡೆ, ಕೈಮೇಲೆ ಎತ್ಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದ್ವಿ. ನೀರು ತಣ್ಣಗಿತ್ತು, ಅತ್ತೆ "ಅಯ್ಯೋ ಶಿವನೇ" ಅಂತ ನನ್ನ ಭುಜ ಕಚ್ಚೋ ಹಾಗೆ ಹಿಡಿದ್ರು. ಎದೆಮಟ್ಟ ನೀರಿನ ಮೆಟ್ಟಿಲಿಗೆ ಬಂದಾಗ ಮಡಚಿದ್ದ ಕಾಲು ಮೆಲ್ಲಗೆ ತೇಲಿ, ಬಿಚ್ಚಿ, ಪಾದ ಕಲ್ಲಿಗೆ ತಾಗಿತು.

"ಬಿಡ್ರೇ" ಅಂದ್ರು ಅತ್ತೆ.

ಹೆದರಿಕೊಂಡೇ ಬಿಟ್ವಿ. ಅತ್ತೆ ನಿಂತ್ರು. ಯಾರ ಕೈಯೂ ಇಲ್ಲದೆ, ಯಾವ ಗೋಡೇನೂ ಇಲ್ಲದೆ ನಿಂತ್ರು. ಇಷ್ಟು ವರ್ಷ ಈ ನೀರು ನಮ್ಮ ಹಿತ್ತಲ ಆಚೆಗೇ ಇತ್ತು, ಇಷ್ಟು ವರ್ಷ ಆಕೆ ನೆಲದಲ್ಲಿ ತೆವಳಿದ್ರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ನಿಂತಿದ್ದ ನಾನು ಅತ್ತೆ ಮುಖ ನೋಡೋಕೆ ತಲೆ ಮೇಲೆತ್ತಬೇಕಾಯ್ತು. ನಮ್ಮತ್ತೆ ನನಗಿಂತ ಎತ್ತರ ಅಂತ ನನಗೆ ಗೊತ್ತಾಗಿದ್ದೇ ಅವತ್ತು.